ಲಾಭ, ಎರಡು, ಮೂರು

ಇವತ್ತು ಬೆಳಿಗ್ಗೆ ತೆಂಗಿನಕಾಯಿ ಮಾರುವವನು ಗೇಟಿನ ಬಳಿ "ಲಾಭ, ಎರಡು, ಮೂರು" ಎಂದು ಎಣಿಸಿಕೊಟ್ಟ. ಒಂದು ಎನ್ನುವ ಬದಲು ಲಾಭ ಎನ್ನುವುದು ಎಣಿಸುವವರ ಹಳೆಯ ಶಾಸ್ತ್ರ. ನನಗೋ ನಗು ತಡೆಯಲಾಗಲಿಲ್ಲ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಮೊಮ್ಮಗಳು ಕಿಟಕಿಯಲ್ಲಿ ಇಣುಕಿ, "ಅಜ್ಜಿ, ಎಂತ ಆಯ್ತು?" ಎಂದಳು. ಹೇಳುತ್ತೇನೆ, ನೀವೂ ಕೇಳಿ.

ಅರವತ್ತರ ದಶಕದ ಮಾತು. ಪುತ್ತೂರಿನ ಬಳಿಯ ಕೆದಂಬಾಡಿಯ ಹುಡುಗಿ ನಾನು, ಮದರಾಸಿನ ದೊಡ್ಡ ಕಾಲೇಜಿನಲ್ಲೇ ಗಣಿತ ಓದುವೆನೆಂದು ಹಟ ಹಿಡಿದಿದ್ದೆ. "ಸಂದರ್ಶನದಲ್ಲಿ ಸೀಟು ಸಿಕ್ಕಿದ್ರೆ ಹೋಗು. ಇಲ್ಲದಿದ್ರೆ ಓದಿದ್ದು ಸಾಕು," ಎಂದರು ಅಪ್ಪ. ಸಾಕು ಎಂದರೇನೆಂದು ಬಿಡಿಸಿ ಹೇಳಬೇಕೇ? ಯಾವನೋ ವರನ ಜಾತಕ ಆಗಲೇ ಅವರ ಮೇಜಿನ ಮೇಲಿತ್ತು.

ಪುತ್ತೂರಿನ ನಮ್ಮ ಗಣಿತದ ಮಾಸ್ಟ್ರು ನನ್ನನ್ನು ತಯಾರು ಮಾಡಲು ಹೊರಟರು. ತಯಾರಿ ಎಂದರೆ ಬಾಯಿಪಾಠ. ಎರಡು ತಿಂಗಳು ಪ್ರಮೇಯಗಳನ್ನು ಎಷ್ಟು ಉರು ಹೊಡೆದೆನೆಂದರೆ, ನಾನು ಹೊಯ್ದ ದೋಸೆಗೂ ಮೂರು ಮೂಲೆ ಬರತೊಡಗಿತು. ಅಮ್ಮ ಸೌಟು ಕಸಿದುಕೊಂಡರು.

ಇನ್ನೊಂದು ಶಾಲೆ ನಮ್ಮ ಅಂಗಳದಲ್ಲೇ ಇತ್ತು, ಅದು ಶಾಲೆಯೆಂದು ನನಗೆ ಗೊತ್ತಿರಲಿಲ್ಲ. ಕಾಯಿ ಕೊಳ್ಳಲು ಬರುತ್ತಿದ್ದ ವ್ಯಾಪಾರಿ ಪೊಡಿಯಬ್ಬ ಬ್ಯಾರಿ ಗೋಡೆಗೆ ಒರಗಿಸಿ ಕಾಯಿ ಜೋಡಿಸುತ್ತಿದ್ದರು. ಅಡಿಯಲ್ಲಿ ಒಂಬತ್ತು, ಅದರ ಮೇಲೆ ಎಂಟು, ಹಾಗೇ ತುದಿಯಲ್ಲಿ ಒಂದು. ಅವರ ಎಣಿಕೆಯೂ ಲಾಭದಿಂದಲೇ ಶುರು. ನಾನು ಒಂದೊಂದಾಗಿ ಎಣಿಸಿದರೆ ಅವರಿಗೆ ನಗು.

"ಅಷ್ಟು ಕಷ್ಟ ಎಂತಕ್ಕೆ ಮಗಳೇ? ತುದಿಯ ಒಂದನ್ನು ಎಂಟಕ್ಕೆ ಸೇರಿಸು, ಎರಡನ್ನು ಏಳಕ್ಕೆ. ಎಲ್ಲ ಸಾಲೂ ಒಂಬತ್ತೇ ಆಗ್ತದೆ."

ಸಂದರ್ಶನದ ದಿನ ಮೂವರು ಪ್ರೊಫೆಸರರು ಒಂದೂ ಪ್ರಮೇಯ ಕೇಳಲಿಲ್ಲ! ಹತ್ತು ಜನ ಪರಸ್ಪರ ಒಮ್ಮೊಮ್ಮೆ ಕೈ ಕುಲುಕಿದರೆ ಒಟ್ಟು ಎಷ್ಟು ಸಲ ಎಂದರು. ಮೊದಲನೆಯವನು ಒಂಬತ್ತು ಜನರಿಗೆ, ಎರಡನೆಯವನು ಉಳಿದ ಎಂಟು ಜನರಿಗೆ... ಅಯ್ಯೋ, ಇದು ಬ್ಯಾರಿಗಳ ಕಾಯಿರಾಶಿಯಲ್ಲವೇ! ಎದ್ದು ನಿಂತು, ಗಾಳಿಯಲ್ಲೇ ಸಾಲು ಜೋಡಿಸುತ್ತಾ ಕೂಗಿದೆ: "ಲಾಭ, ಎರಡು, ಮೂರು, ನಾಲ್ಕು, ಐದು! ಒಂಬತ್ತರ ಐದು ಸಾಲು, ನಲವತ್ತೈದು!"

ಇಂಗ್ಲಿಷು ಮರೆತದ್ದೂ ಅಲ್ಲದೆ ಲಾಭ ಬೇರೆ. ಜಾತಕ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಹಿರಿಯ ಪ್ರೊಫೆಸರರು ಕನ್ನಡಕ ಜಾರುವಷ್ಟು ನಕ್ಕರು. ತಮಿಳು ಹಳ್ಳಿಯ ಅವರ ಅಜ್ಜಿಯೂ ಭತ್ತ ಅಳೆಯುವಾಗ ಲಾಭ ಎಂದೇ ಶುರು ಮಾಡುತ್ತಿದ್ದರಂತೆ. ಸೀಟು ಸಿಕ್ಕಿತು.

"ಎಲ್ಲ ಬಾಯಿಪಾಠದ ಬಲ," ಎಂದು ಮಾಸ್ಟ್ರು ಊರಿಡೀ ಹೇಳಿಕೊಂಡು ಬಂದರು. ನಾನೇನು ಕಮ್ಮಿ? ಗಣಿತ ನನಗೆ ಹುಟ್ಟಿನಿಂದಲೇ ಬಂದದ್ದೆಂದು ಇಷ್ಟು ವರ್ಷ ಕೊಚ್ಚಿಕೊಂಡೆ. ಪೊಡಿಯಬ್ಬ ಬ್ಯಾರಿಗಳ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ, ಈಗ ನಾಚಿಕೆಯಾಗುತ್ತದೆ.

ಮೊಮ್ಮಗಳನ್ನು ಹೊರಗೆ ಕರೆದು, ಕಾಯಿಗಳನ್ನು ಗೋಡೆಗೆ ಒರಗಿಸಿ ಜೋಡಿಸಲು ಹೇಳಿದೆ.

"ಹಾಗಾದ್ರೆ ನಿಮಗೆ ಗಣಿತ ಕಲಿಸಿದ್ದು ಯಾರು ಅಜ್ಜಿ?"

ಬೆರಳು ಮಡಚಿದೆ. "ಲಾಭ, ಪೊಡಿಯಬ್ಬ ಬ್ಯಾರಿಗಳು. ಎರಡು, ಮಾಸ್ಟ್ರು. ಮೂರು, ನಾನು."