ಬೋರಮ್ಮನ ಬಾವಿಯ ಗೀಜಗಗಳು

ಕೆಂಗೇರಿ ದಾಟಿ ತೋಟದ ದಾರಿಗೆ ತಿರುಗಿದರೆ ಬೋರಮ್ಮನವರ ಬಾವಿ ಸಿಗುತ್ತಿತ್ತು. ಅದರ ಮೇಲೆ ಬಾಗಿದ್ದ ಜಾಲಿ ಮರದಲ್ಲಿ ಮಳೆಗಾಲ ಬಂತೆಂದರೆ ಗೀಜಗನ ಗೂಡುಗಳು ತೂಗುತ್ತಿದ್ದವು. ಎಂಬತ್ತಮೂರನೇ ಇಸವಿಯಿಂದ ಅವನ್ನು ನೋಡಲು ಭಾನುವಾರ ಬೆಳಿಗ್ಗೆ ರಾಜಾಜಿನಗರದಿಂದ ಜನ ಬಸ್ಸಿನಲ್ಲಿ ಬರತೊಡಗಿದರು. ಕರೆತರುತ್ತಿದ್ದವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಯಶೋದಮ್ಮ.

ಬೋರಮ್ಮನ ಗಂಡ ಹನುಮಂತಯ್ಯನವರಿಗೆ ಆ ಮರ ಬೇಡವಾಗಿತ್ತು. ಎಲೆ, ಹುಲ್ಲು, ಹಿಕ್ಕೆ ಎಲ್ಲ ನೀರಿಗೇ ಬೀಳುತ್ತಿತ್ತು. ಕಡಿದು ಇಟ್ಟಿಗೆ ಸುಡುವವರಿಗೆ ಮಾರೋಣ ಎನ್ನುತ್ತಿದ್ದರು. ಬೋರಮ್ಮ ಒಂದು ದಾರಿ ಹುಡುಕಿದರು. ಬಂದವರಿಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಾಫಿ ಕೊಟ್ಟು ದುಡ್ಡು ತೆಗೆದುಕೊಳ್ಳುವುದು, ಅದರಲ್ಲಿ ಬಾವಿ ಶುಚಿ ಮಾಡಿಸುವುದು.

“ಅವ್ರು ಬರ್ತಾ ಇರೋವರೆಗೂ ಮರ ಇರ್ಲಿ,” ಎಂದರು ಹನುಮಂತಯ್ಯ. “ಬರೋದು ನಿಂತ್ರೆ ಕಡಿಯೋದೇ.”

ಎರಡನೇ ವರ್ಷದ ಮಳೆಗಾಲದಲ್ಲಿ ಬೋರಮ್ಮ ಒಂದು ತಪ್ಪು ಮಾಡಿದರು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದು ಅವರಿಗೆ ಗೊತ್ತಿಲ್ಲ. ಅಷ್ಟು ದೂರದಿಂದ ಗೂಡಿಗಾಗಿ ಬರುವವರಿಗೆ ಬರೀ ಎಲೆ ಅಡಿಕೆ ಯಾಕೆ ಎನಿಸಿ, ದೋಟಿಯಿಂದ ಒಂದು ಗೂಡು ಕಿತ್ತು, ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟು ಯಶೋದಮ್ಮನ ಮುಂದೆ ಹಿಡಿದರು.

ಯಶೋದಮ್ಮ ಗೂಡನ್ನು ಎತ್ತಿ ನೋಡಿದರು. ಒಳಗೆ ಬಿಳಿ ಮೊಟ್ಟೆಗಳಿದ್ದವು.

“ಖಾಲಿ ಅನ್ಕೊಂಡೆ ಕಣಮ್ಮ,” ಎಂದರು ಬೋರಮ್ಮ. “ನಿಮ್ಮನೆ ಬಾಗ್ಲಿಗೆ ಚೆನ್ನಾಗಿರುತ್ತೆ ಅಂತ.”

ಜೊತೆಗೆ ಬಂದವರು ರೊಟ್ಟಿ ಮುಟ್ಟದೆ ಎದ್ದರು. ಬೋರಮ್ಮ ಬಾಳೆನಾರಿನಿಂದ ಗೂಡನ್ನು ಮತ್ತೆ ಕೊಂಬೆಗೆ ಕಟ್ಟಿದರು. ಹಕ್ಕಿ ಬಂತು, ಸುತ್ತ ಹಾರಿತು, ಒಳಗೆ ಹೋಗಲಿಲ್ಲ.

ಮುಂದಿನ ಭಾನುವಾರ ಯಾರೂ ಬರಲಿಲ್ಲ.

“ಕೊಡಲಿ ಮಸೀಲಾ?” ಎಂದರು ಹನುಮಂತಯ್ಯ, ಉಳಿದ ರೊಟ್ಟಿ ಮುರಿಯುತ್ತ.

“ಮಸಿ. ಹಂಗೇ ಗಡ್ಡನೂ ಕೆರ್ಕೊ.”

ಅದರಾಚೆಯ ಭಾನುವಾರ ಯಶೋದಮ್ಮ ಒಬ್ಬರೇ ಬಂದರು.

“ಮಿಕ್ಕೋರು?”

“ಅವ್ರಿಗಿನ್ನೂ ಕೋಪ ಬೋರಮ್ಮ. ನಂಗೂ ಇತ್ತು. ರೊಟ್ಟಿ ಇದ್ಯಾ?”

ರೊಟ್ಟಿ ಬೇಯುವಷ್ಟರಲ್ಲಿ ಯಶೋದಮ್ಮ ತಮ್ಮ ದುರ್ಬೀನನ್ನು ಬೋರಮ್ಮನ ಕೊರಳಿಗೆ ಹಾಕಿದರು. ಅದುವರೆಗೆ ಅದನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಅವರೂ ಕೇಳಿರಲಿಲ್ಲ. ಹಳದಿ ತಲೆಯ ಗಂಡು ಹಕ್ಕಿ ಪಕ್ಕದ ಕೊಂಬೆಯಲ್ಲಿ ಹೊಸ ಗೂಡಿಗೆ ಎಳೆ ಹೆಣೆಯುತ್ತಿತ್ತು. ಬೋರಮ್ಮ ಬಹಳ ಹೊತ್ತು ನೋಡಿದರು. ಸೆರಗಿನಿಂದ ಗಾಜು ಒರೆಸಿ ಗಂಡನ ಕೈಗಿಟ್ಟರು.

“ತಿರುಗ ಕಟ್ತಾ ಐತೆ,” ಎಂದರು ಹನುಮಂತಯ್ಯ. ದುರ್ಬೀನನ್ನು ಕಣ್ಣಿಂದ ಇಳಿಸಲಿಲ್ಲ.

“ಬಂದಿರೋದು ಒಬ್ರೇ,” ಎಂದರು ಬೋರಮ್ಮ. ಮರ ಕಡಿಯುವ ಮಾತನ್ನು ತಾವೇ ಎತ್ತಿಬಿಡುವುದು ಮೇಲೆಂದು ಅವರಿಗೆ ಕಂಡಿತ್ತು.

“ಒಬ್ರು ಬಂದ್ರೂ ಬಂದಂಗೇ ಅಲ್ವಾ,” ಎಂದರು ಹನುಮಂತಯ್ಯ.

ಮಿಕ್ಕವರು ದಸರೆಯ ಹೊತ್ತಿಗೆ ಒಬ್ಬೊಬ್ಬರಾಗಿ ಮರಳಿದರು. ಬೇಸಿಗೆಯಲ್ಲಿ ಬೋರಮ್ಮ ರೊಟ್ಟಿಯ ದುಡ್ಡಿನಲ್ಲೇ ಆಳು ಹಚ್ಚಿ ಬಾವಿ ಶುಚಿ ಮಾಡಿಸಿದರು. ಇಳಿದವರು ಹಗ್ಗ ಕಟ್ಟಿದ್ದು ಆ ಜಾಲಿ ಮರಕ್ಕೇ.