ಉದ್ಧರಣೆಯಲ್ಲಿ ಅಳೆದ ಹಾಲು

ಸಿಂದಗಿಗೆ ಬಂದ ಮರುದಿನವೇ ಅತ್ತೆ ನನ್ನೆದುರು ಒಂದು ಬಟ್ಟಲು ನೀರಿಟ್ಟು, ಅದರಲ್ಲಿ ಎದೆಹಾಲು ಹಿಂಡು ಎಂದರು. ಸೆರಗಿನ ಮರೆಯಲ್ಲಿ ನಾಲ್ಕು ಹನಿ ಬಿಟ್ಟೆ. ಹನಿಗಳು ಬೆರೆಯದೆ ತೇಲಿದವು. ಅಷ್ಟಕ್ಕೇ ತೀರ್ಪು ಬಂದುಹೋಯಿತು.

“ಇದು ಕೆಟ್ಟ ಹಾಲು. ಕೂಸಿಗೆ ಕುಡಿಸಬ್ಯಾಡ. ಬರೇ ಅನ್ನ ತಿಂದು ಬೆಳದ ಮೈಯಾಗ ಸತ್ವ ಎಲ್ಲಿಂದ ಬರಬೇಕು?”

ನಂಜನಗೂಡಿನಲ್ಲಿ ಬಾಣಂತನ ಮುಗಿಸಿ, ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಎರಡು ದಿನ ಪ್ರಯಾಣ ಮಾಡಿ ಬಂದಿದ್ದೆ. ರಾಜ್ಯ ಒಂದಾದ ಹೊಸತು. ಎಲ್ಲರೂ ಕನ್ನಡದವರೇ ತಾನೇ ಎಂದು ಅಪ್ಪ ಇಷ್ಟು ದೂರ ಕೊಟ್ಟಿದ್ದರು. ಇಲ್ಲಿನ ಕನ್ನಡ ನನ್ನ ಕಿವಿಗೆ ಜಗಳದಂತೆ ಕೇಳುತ್ತಿತ್ತು. ಅತ್ತೆ ಮತ್ತು ನನ್ನವರು ಗುಟ್ಟು ಮಾತಾಡುವಾಗ ಮರಾಠಿಗೆ ಹೊರಳುತ್ತಿದ್ದರು. ಅಲ್ಲಿ ಕಪಿಲೆಯ ನೀರು, ಇಲ್ಲಿ ಉಪ್ಪು ಬಾವಿ. ಅಲ್ಲಿ ಬಿಸಿ ಅನ್ನ, ಇಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ. ಇವೆಲ್ಲಕ್ಕೂ ಹೊಂದಿಕೊಳ್ಳುತ್ತಿದ್ದೆ. ಮಗಳನ್ನು ನನ್ನ ಎದೆಯಿಂದ ಕಿತ್ತದ್ದನ್ನು ಮಾತ್ರ ನಾನು ಇಂದಿಗೂ ಕ್ಷಮಿಸಿಲ್ಲ. ಮಾಸ್ತರರಾಗಿದ್ದ ನನ್ನವರು “ಅವ್ವ ಹೇಳಿದಂಗ ಮಾಡು” ಎಂದು ಪುಸ್ತಕದಲ್ಲಿ ತಲೆ ಹುದುಗಿಸಿದರು.

ಮೈದುನ ಸೊಲ್ಲಾಪುರದಿಂದ ಹಾಲಿನ ಪುಡಿಯ ಡಬ್ಬಿಗಳನ್ನು ಕಳಿಸಿದ. ಸಾಹೇಬರ ಮನೆಯ ಕೂಸುಗಳು ಕುಡಿಯುವುದು ಇದನ್ನೇ ಎಂದು ಅತ್ತೆ ಓಣಿಗೆಲ್ಲ ತೋರಿಸಿ ಬಂದರು. ನಮ್ಮದು ಕಟ್ಟಾ ವೈಷ್ಣವರ ಮನೆ. ಹಾಲಿಗೆ ಮೈಲಿಗೆಯಿಲ್ಲ ಎಂದು ಪುಡಿ ಒಳಗೆ ಬಂತು. ಆದರೆ ಡಬ್ಬಿಯೊಳಗಿದ್ದ ಅಳತೆಯ ಚಮಚ ಯಾವ ಜಾತಿಯವರು ಮುಟ್ಟಿದ್ದೋ ಎಂದು ಕೊಟ್ಟಿಗೆಯ ಮೂಲೆಗೆ ಹೋಯಿತು. ಬದಲಿಗೆ ಪೂಜೆಯಲ್ಲಿ ತೀರ್ಥ ಕೊಡುವ ಪುಟ್ಟ ಉದ್ಧರಣೆ ಬಂತು. ಡಬ್ಬಿಯ ಮೇಲೆ ಎಷ್ಟು ಚಮಚ ಎಂದಿದೆಯೋ ಅಷ್ಟೇ ಉದ್ಧರಣೆ ಪುಡಿ, ನೀರು ಮಾತ್ರ ಅಲ್ಲಿ ಬರೆದಷ್ಟು.

ಮಗಳು ಕುಡಿಯುತ್ತಿದ್ದಳು, ಅಳುತ್ತಿದ್ದಳು, ಮತ್ತೆ ಕುಡಿಯುತ್ತಿದ್ದಳು. ತಿಂಗಳಾಗುವಷ್ಟರಲ್ಲಿ ತೊಡೆಯ ಚರ್ಮ ಜೋತುಬಿತ್ತು. ಊರಿಂದ ತಂದ ಅಂಗಿಗಳು ಬಿಗಿಯಾಗುವ ಬದಲು ಸಡಿಲವಾದವು. “ತಾಯಿ ದೃಷ್ಟಿನೇ ತಾಗ್ಯದ” ಎಂದರು ಅತ್ತೆ.

ಕೊಟ್ಟಿಗೆ ಗುಡಿಸುವಾಗ ಆ ಚಮಚ ಸಿಕ್ಕಿತು. ಉದ್ಧರಣೆಯಿಂದ ನೀರು ತುಂಬಿಸಿ ನೋಡಿದೆ. ಮೂರು ಸಲ ಸುರಿದರೂ ತುಂಬಲಿಲ್ಲ. ಕೂಸಿಗೆ ಇಷ್ಟು ದಿನ ಕುಡಿಸಿದ್ದು ಬಿಳಿ ನೀರು! ಅತ್ತೆಗೆ ಹೇಳಿದರೆ ಡಬ್ಬಿಯವರದೇ ಸುಳ್ಳು ಎಂದರು. ಆವತ್ತೇ ಸೇಡು ತೀರಿಸಿಕೊಳ್ಳುವ ಹಟ ಹುಟ್ಟಿತು.

ಹಿತ್ತಲ ಗೋಡೆಯಾಚೆ ಹುಸೇನಬಿಯ ಮನೆ. ಅವಳ ಗಂಡನದು ತೊಗರಿ ಅಂಗಡಿ, ಅವಳಿಗೆ ಐದು ಮಕ್ಕಳು. ನನ್ನ ಕಥೆ ಕೇಳಿ ನಕ್ಕುಬಿಟ್ಟಳು.

“ಬಾಯಾರ, ಕೂಸು ಚೀಪಿದಷ್ಟೂ ಹಾಲು ಬರ್ತಾವ್ರಿ. ಬಿಡಿಸಿದ್ರ ಬತ್ತತಾವ. ನೀರಾಗ ತೇಲಿದ್ರೇನು, ಮುಳುಗಿದ್ರೇನು? ನಿಮ್ಮ ಕೂಸೇನು ಬಟ್ಟಲಾ?”

“ಬತ್ತೇ ಹೋಗಿದೆಯಲ್ಲ?”

“ಹಚ್ಚರಿ. ಬರಲಿ, ಬಿಡಲಿ, ದಿನಾ ಎಂಟು ಹತ್ತು ಸಲ ಎದಿಗೆ ಹಚ್ಚರಿ. ನಾ ಅಳ್ವಿ ಕೊಡ್ತೇನಿ, ಬೆಲ್ಲ ಹಾಕಿ ಕುದಿಸಿ ತಿನ್ರಿ.” ಅಳ್ವಿ ಎಂದರೆ ಇಲ್ಲಿ ಬಾಣಂತಿಯರಿಗೆ ಕೊಡುವ ಕೆಂಪು ಬೀಜ.

ಸಗಣಿಯ ನೆಪ ಹೇಳಿ ಕೊಟ್ಟಿಗೆಗೆ ಹೋಗಿ ಮಗಳನ್ನು ಎದೆಗೆ ಹಚ್ಚುತ್ತಿದ್ದೆ. ಮೊದಮೊದಲು ಅವಳು ಸಿಟ್ಟಿನಿಂದ ಕಚ್ಚಿ ಚೀರುತ್ತಿದ್ದಳು. ಆಗೆಲ್ಲ ಪುಡಿಯನ್ನು ಸರಿಯಾದ ಚಮಚದಲ್ಲಿ ಕದ್ದು ಕಲಸಿ ಕೊಟ್ಟೆ. ಡಬ್ಬಿಗೆ ನಾನು ಅನ್ಯಾಯದ ಮಾತಾಡುವುದಿಲ್ಲ, ಅಳತೆ ಸರಿಯಾದ ಮೇಲೆ ಅದೂ ಮಗುವನ್ನು ಹಿಡಿದು ನಿಲ್ಲಿಸಿತು. ಎರಡು ವಾರಕ್ಕೆ ಹನಿ ಕಂಡಿತು, ತಿಂಗಳಿಗೆ ಧಾರೆ. ಆಮೇಲೆ ಅತ್ತೆ ಕಲಸಿ ಕೊಟ್ಟದ್ದನ್ನೆಲ್ಲ ಕರುವಿಗೆ ಸುರಿದೆ. ಶುಕ್ರವಾರ ಅಂಗಡಿ ಮುಚ್ಚಿದಾಗ ಹುಸೇನಬಿ ತಕ್ಕಡಿ ತರುತ್ತಿದ್ದಳು. ತೊಗರಿ ತೂಗುವ ತಟ್ಟೆಯಲ್ಲಿ ಮಗಳು ಕೈಕಾಲು ಬಡಿಯುತ್ತಿದ್ದಳು. ವಾರವಾರಕ್ಕೂ ಆಚೆ ತಟ್ಟೆಗೆ ಕಲ್ಲು ಹೆಚ್ಚುತ್ತಿತ್ತು. ಅತ್ತೆಗೆ ಒಂದು ಮಾತೂ ಹೇಳದೆ ದಿನ ಕಾದೆ.

ಏಳನೆಯ ತಿಂಗಳಲ್ಲಿ ಉಷ್ಟಾವಣ, ಅಂದರೆ ನಮ್ಮ ಅನ್ನಪ್ರಾಶನ. ಇಂಡಿ, ಬಾಗೇವಾಡಿಗಳಿಂದಲೂ ಬಳಗ ನೆರೆದಿತ್ತು. ಮಗಳ ಗುಂಡು ಕೈ ಹಿಡಿದು ಅತ್ತೆ ಹೆಂಗಸರ ನಡುವೆ ಹೇಳಿದರು:

“ಸೊಸಿ ಎದಿಯಾಗ ಏನಿತ್ತು, ಮಣ್ಣು! ಡಬ್ಬಿ ಹಾಲು ಕುಡಿಸಿ ಕೂಸನ್ನ ಉಳಿಸಿದಾಕಿ ನಾನು.”

ಅವರ ಮಡಿಲಿಂದ ಮಗಳನ್ನು ಎತ್ತಿಕೊಂಡೆ. ಎಲ್ಲರ ಮುಂದೆಯೇ ಸೆರಗು ಹೊದಿಸಿ ಹಾಲೂಡಿಸಿದೆ. ಗಟಗಟ ಸದ್ದು ಕೋಣೆಗೆಲ್ಲ ಕೇಳಿತು.

“ಅತ್ಯಾರ, ನಿಮ್ಮ ಡಬ್ಬಿ ಹಾಲು ಕರು ಕುಡದೈತ್ರಿ,” ಎಂದೆ. “ಉಳಿಸಿದ್ರ ಕರು ಉಳಿಸೀರಿ.”

ಯಾರೋ ಕಿಸಕ್ಕೆಂದರು. ಮಡಿಯುಟ್ಟು ‘ಅದ’ ಎನ್ನುವ ಮನೆಯಲ್ಲಿ ಸೊಸೆ ಹುಸೇನಬಿಯ ‘ಐತಿ’ ಮಾತಿನಲ್ಲಿ ಉತ್ತರ ಕೊಟ್ಟಿದ್ದಳು. ಅತ್ತೆಯ ಮುಖ ಬಿಳಿಚಿಕೊಂಡಿತು. ನನಗೆ ಅಂದಿನ ಊಟದಷ್ಟು ರುಚಿಯ ಊಟ ಸಿಂದಗಿಯಲ್ಲಿ ಇನ್ನೊಂದಿಲ್ಲ. ಆಮೇಲೆ ಅತ್ತೆ ನನ್ನೊಡನೆ ಮಾತು ಬಿಟ್ಟರು.

ಮುಂದಿನ ತಿಂಗಳು ತಮ್ಮನ ಮದುವೆಗೆಂದು ನಂಜನಗೂಡಿಗೆ ಹೋದೆ. ಮಗಳು ಎದೆಗೆ ಬಾಯಿಟ್ಟಿದ್ದಳಷ್ಟೇ, ಅಮ್ಮ ಹೊಸ ಡಬ್ಬಿಯೊಂದನ್ನು ತಂದಿಟ್ಟರು.

“ಪಾಪ, ಆ ಒಣ ರೊಟ್ಟಿ ತಿಂದು ನಿನಗೆಲ್ಲಿ ಹಾಲು ಬರುತ್ತೆ? ಇದನ್ನ ಕುಡಿಸು ಮಗೂ.”

“ಸುಮ್ನ ಕುಂದರಬೇ ಯವ್ವಾ!”

ಮಾತು ನನ್ನ ಬಾಯಿಂದಲೇ ಬಂತು. ಅಮ್ಮ ಪರಕೀಯಳನ್ನು ನೋಡುವಂತೆ ನನ್ನನ್ನು ನೋಡಿದರು. ಸಿಂದಗಿಗೆಂದು ಮಸೆದಿಟ್ಟ ಸಿಟ್ಟು ಹೆತ್ತವಳಿಗೆ ತಾಗಿತ್ತು. ಕಾಲು ಹಿಡಿದು ತಪ್ಪಾಯಿತು ಎನ್ನಬೇಕೆನಿಸಿತು, ಆದರೆ ಹಾಲು ಕುಡಿಯುತ್ತಿದ್ದವಳನ್ನು ಬಿಡಿಸಲು ಮನಸ್ಸಾಗಲಿಲ್ಲ. ಅಮ್ಮ ಡಬ್ಬಿಯನ್ನು ಕಪಾಟಿನೊಳಗಿಟ್ಟು, ಬೆನ್ನು ಹಾಕಿಕೊಂಡೇ ಕೇಳಿದರು:

“ನಿಮ್ಮ ಮನೆಗೆ ಯಾವಾಗ ಹೊರಡ್ತೀಯ?”

ಹೊರಡುವ ದಿನವನ್ನು ಅಮ್ಮ ಎಂದೂ ಕೇಳಿದವರಲ್ಲ, ಸಿಂದಗಿಯನ್ನು ‘ನಿಮ್ಮ ಮನೆ’ ಎಂದವರೂ ಅಲ್ಲ. ಸೋಮವಾರ ಎಂದೆ.