ನೋಲಾ ಕ್ರೋಸಿಯರ್‌ಗೆ ಒಂದೇ ಕೋವಿ ಸಾಕು

ನೋಲಾ ಕ್ರೋಸಿಯರ್‌ಗೆ ಕೋವಿಯೆಂದರೆ ಆಗದು ಎಂದು ಈ ಬರಹಗಾರ ಬಹಳ ದಿನ ನಂಬಿಕೊಂಡಿದ್ದ. ನಂಬದೆ ಇನ್ನೇನು? ಸ್ಲೇಟಿ ಕ್ರೀಕ್ ರೈಫಲ್ ಕ್ಲಬ್ಬಿನ ಮೈದಾನದಲ್ಲಿ ಸಾಲಾಗಿ ಮಲಗಿಸಿಟ್ಟ ಕೋವಿಗಳ ನಡುವೆ ಅವಳು ನಡೆದುಹೋಗುವಾಗ ಆ ಮುಖ ನೋಡಬೇಕಿತ್ತು. ನೆಲದ ಹಲಗೆಯಡಿ ಪೋಸಮ್ ಎಂಬ ಬೆಕ್ಕಿನ ಗಾತ್ರದ ಕಾಡುಪ್ರಾಣಿ ಸತ್ತು ವಾರವಾದ ಮನೆಗೆ ನೆಂಟರಾಗಿ ಹೋದವರ ಮುಖ ಹಾಗಿರುತ್ತದೆ. ಮೂಗು ಒಂದು ಪಕ್ಕಕ್ಕೆ, ತುಟಿ ಇನ್ನೊಂದು ಪಕ್ಕಕ್ಕೆ. ಪ್ರಾಣಿದಯೆಯ ಹೆಂಗಸಿರಬೇಕು, ಅಣ್ಣನನ್ನೋ ತಮ್ಮನನ್ನೋ ಮನೆಗೆ ಕರೆದೊಯ್ಯಲು ಬಂದಿರಬೇಕು ಎಂದುಕೊಂಡದ್ದಾಗಿತ್ತು. ಆಮೇಲೆ ತಿಳಿಯಿತು, ಮೈದಾನದ ಉಸ್ತುವಾರಿ ಅವಳದೇ. ಅವಳು 'ಹೊಡೀರಿ' ಅಂದರೆ ಹೊಡೆಯಬೇಕು, 'ನಿಲ್ಸಿ' ಅಂದರೆ ನಿಲ್ಲಿಸಬೇಕು. ಅವಳಿಗೆ ಹೇಸಿಗೆ ಕೋವಿಯ ಮೇಲಲ್ಲ, ಅದನ್ನು ಹಿಡಿದವರ ಮೇಲೆ.

ವಾರವೆಲ್ಲ ನೋಲಾ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಶನಿವಾರ ಗುರಿ ಮೈದಾನ. ಶರತ್ಕಾಲ ಬಂತೆಂದರೆ ಹುಲ್ಲಿನ ದಿಬ್ಬ ದಾಟಿ, ಬೀಚ್ ಎಂಬ ಜಾತಿಯ ಮರಗಳ ಕಾಡು ಹೊಕ್ಕು, ಚಳಿಗಾಲಕ್ಕೆ ಬೇಕಾದ ಮಾಂಸವನ್ನು ಬೆನ್ನ ಮೇಲೆ ಹೊತ್ತು ಇಳಿಯುತ್ತಿದ್ದಳು. ಗಂಡ ಅಂತ ಒಬ್ಬನಿದ್ದ. ಬಹಳ ಹಿಂದೆಯೇ ಸಮುದ್ರದಾಚೆಯ ಉತ್ತರ ದ್ವೀಪಕ್ಕೆ ಹೊರಟುಹೋದ. ಆ ಬಗ್ಗೆ ಅವಳಿಗೆ ದುಃಖವೇನೂ ಇರಲಿಲ್ಲ, ಉತ್ತರ ದ್ವೀಪದವರ ಮೇಲೆ ಸ್ವಲ್ಪ ಕನಿಕರವಿತ್ತು.

ಅವಳಿಗೆ ಹೇಸಿಗೆ ಹುಟ್ಟಿಸುವ ಸಂಗತಿಗಳಿಗೆ ಕೊನೆಯಿರಲಿಲ್ಲ. ಬೆಟ್ಟದ ದಾರಿಯಲ್ಲೇ ಜಿಂಕೆಯ ಕರುಳು ಬಿಸಾಡಿ ಹೋಗುವವರು. ಕೊಂಬು ಮಾತ್ರ ಕೊಯ್ದುಕೊಂಡು ಮಾಂಸವನ್ನು ನೊಣಕ್ಕೆ ಬಿಡುವವರು. ಕಣಿವೆಯ ಆಚೆ ದಡದಲ್ಲಿರುವ ಪ್ರಾಣಿಗೆ ಈಚೆ ದಡದಿಂದ ಗುಂಡು ಹಾರಿಸಿ, ತಗುಲಿತೋ ಇಲ್ಲವೋ ನೋಡಲು ನದಿ ದಾಟಬೇಕಲ್ಲ ಎಂದು ಸೋಮಾರಿತನದಿಂದ ಮನೆಗೆ ಹೋಗುವವರು. ಇವರನ್ನೆಲ್ಲ ಹೀಗಳೆಯುತ್ತ ಸುಖವಾಗಿದ್ದ ನೋಲಾಳಿಗೆ ಹೋದ ವರ್ಷ ತನ್ನ ಮೇಲೆಯೇ ಹೇಸಿಗೆಯಾಗುವಂಥದ್ದು ನಡೆಯಿತು.

ಅಪ್ಪನ ಕಾಲದ ಮಿಲಿಟರಿ ಕೋವಿ ಅವಳದು. ಲೆಕ್ಕವಿಲ್ಲದಷ್ಟು ಗುಂಡು ಹಾರಿಸಿ ಅದರ ನಳಿಕೆಯ ಒಳಮೈ ಸವೆದಿತ್ತು. ಕಾಗದದ ಗುರಿಯ ಮೇಲೆ ಗುಂಡುಗಳು ಅಲ್ಲೊಂದು ಇಲ್ಲೊಂದು ಬೀಳತೊಡಗಿದ್ದನ್ನು ಕಂಡೂ ಕಾಣದಂತೆ ಇದ್ದಳು. ಬೆಟ್ಟದಲ್ಲಿ ಹೆಣ್ಣು ಜಿಂಕೆಯೊಂದರ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬಿತ್ತು. ಜಿಂಕೆ ಓಡಿತು. ಕತ್ತಲಾಗುವವರೆಗೆ ಹುಡುಕಿದಳು, ಮರುದಿನವೂ ಹುಡುಕಿದಳು. ಕೊನೆಗೆ ತೊರೆಯ ನೀರಲ್ಲಿ ಊದಿಕೊಂಡು ಬಿದ್ದಿತ್ತು. ನಾಯಿಗೂ ಹಾಕುವಂತಿರಲಿಲ್ಲ. ಮನೆಗೆ ಬಂದು ಕೋವಿಗೆ ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ ಬೀರುವಿನೊಳಗಿಟ್ಟಳು. ಕಣ್ಣುಮುಚ್ಚಿ ನಂಬಬಹುದಾದ ಕೋವಿ ಸಿಕ್ಕರೆ ಸರಿ, ಮುಂದಿನ ಶರತ್ಕಾಲ ಮುಗಿಯುವುದರೊಳಗೆ ಸಿಗದಿದ್ದರೆ ಲೈಸೆನ್ಸು ಹಿಂತಿರುಗಿಸಿ ಅಂಗಡಿಯ ಕುರಿಮಾಂಸ ತಿಂದುಕೊಂಡಿರುವುದು ಎಂದು ನಿಶ್ಚಯಿಸಿದಳು.

ಅವಳ ಲೆಕ್ಕ ಸರಳವಾಗಿತ್ತು. ಬೆಟ್ಟಕ್ಕೆ ಒಯ್ಯುವ ಕೋವಿಯಲ್ಲೇ ಶನಿವಾರ ಶನಿವಾರ ಗುರಿ ಹೊಡೆದರೆ ಭುಜಕ್ಕೆ ಅದರ ಒದೆತ ಗೊತ್ತಿರುತ್ತದೆ, ಬೆರಳಿಗೆ ಅದರ ಟ್ರಿಗರ್ ಎಳೆಯುವ ಹದ ಗೊತ್ತಿರುತ್ತದೆ. ಜಿಂಕೆ ಎದುರಿಗೆ ನಿಂತಾಗ ಹೊಸದಾಗಿ ಪರಿಚಯ ಮಾಡಿಕೊಳ್ಳುವ ಗೋಜಿಲ್ಲ.

ಆದರೆ ಅವಳು ಕೋವಿ ಹುಡುಕುತ್ತಿದ್ದಾಳೆ ಎಂದು ಕ್ಲಬ್ಬಿನಲ್ಲಿ ಗೊತ್ತಾಗಿದ್ದೇ ತಪ್ಪಾಯಿತು. ಬಸ್ಸು ಯಾವುದು ಕೊಳ್ಳಲಿ ಎಂದು ಕೇಳಿದ್ದರೆ ಒಬ್ಬನೂ ತುಟಿ ಬಿಚ್ಚುತ್ತಿರಲಿಲ್ಲ. ಕೋವಿ ಎಂದೊಡನೆ ಎಲ್ಲರಿಗೂ ಗಂಟಲು ಬಂತು. ಅವರಲ್ಲೆಲ್ಲ ದೊಡ್ಡ ಗಂಟಲು ಲೆಸ್ಟರ್ ಪಿಲಿಂಗನದು. ಅವನು ಜಮೀನು ಮಾರಿಸುವ ದಲ್ಲಾಳಿ, ಕ್ಲಬ್ಬಿನ ಅಧ್ಯಕ್ಷ. ಕ್ಲಬ್ಬಿನಲ್ಲಿ ಇರುವವರೆಲ್ಲ ಅವನನ್ನು ಹುಟ್ಟಿದಾಗಿನಿಂದ ಬಲ್ಲವರೇ ಆದರೂ ಎದೆಗೆ ಹೆಸರಿನ ಪಟ್ಟಿ ಸಿಕ್ಕಿಸಿಕೊಂಡೇ ಬರುತ್ತಿದ್ದ.

"ಒಂದೇ ಕೋವೀಲಿ ಎರಡೂ ಕೆಲ್ಸ ಆಗಲ್ಲ ನೋಲಾ," ಎಂದು ಚಹಾದ ಮೇಜಿನ ಮುಂದೆ ನಿಂತು ಶುರುಮಾಡಿದ. "ಬೆಟ್ಟಕ್ಕೆ ಹಗುರದ್ದು ಬೇಕು, ಗುರಿಗೆ ಭಾರದ್ದು ಬೇಕು. ಮದುವೆಗೂ ಕೊಟ್ಟಿಗೆಗೂ ಒಂದೇ ಬೂಟು ಹಾಕ್ಕೊಂಡ್ ಹೋಗ್ತಾರೇನಮ್ಮ?"

"ನಾನ್ ಹೋಗಿದ್ದೆ."

"ಯಾರ ಮದುವೆಗೆ?"

"ನಂದಕ್ಕೇ."

ಲೆಸ್ಟರ್ ಇಂಥದ್ದಕ್ಕೆಲ್ಲ ಅಳುಕುವವನಲ್ಲ. ತನ್ನ ಎರಡು ಕೋವಿಗಳನ್ನು ಮೇಜಿನ ಮೇಲೆ ಮಲಗಿಸಿದ. ಒಂದೇ ಕಂಪನಿಯವು, ಒಂದೇ ತೋಟಾ ತಿನ್ನುವಂಥವು. ಒಂದರ ನಳಿಕೆ ದಪ್ಪ, ಇನ್ನೊಂದರದು ತೆಳು. ಜೇಬಿನಿಂದ ಎರಡು ಕಾಲುಚೀಲ ತೆಗೆದ. ಆ ಸೀಮೆಯಲ್ಲಿ ಕೋವಿಯನ್ನು ಸಾಗಿಸುವಾಗ ಬೋಲ್ಟನ್ನು ಕಳಚಿ ಬೇರೆ ಇಡುತ್ತಾರೆ. ತೋಟಾವನ್ನು ಒಳಕ್ಕೆ ನೂಕಿ, ಹಿಂದಿನಿಂದ ಬಾಗಿಲು ಜಡಿದ ಹಾಗೆ ಬಿಗಿಹಿಡಿಯುವ ತುಂಡು ಅದೇ. ಅದಿಲ್ಲದಿದ್ದರೆ ಕೋವಿ ಬರೀ ಕೊಳವೆ. ಲೆಸ್ಟರನ ಬೋಲ್ಟುಗಳಿಗೆ ಕಾಲುಚೀಲದ ಸಂಸಾರ.

"ಹಸಿರು ಕಾಲುಚೀಲ ಬೆಟ್ಟದ್ದು, ಬೂದು ಕಾಲುಚೀಲ ಮೈದಾನದ್ದು. ಪದ್ಧತಿ ಅಂದ್ರೆ ಇದು!" ಎಂದು ಎರಡನ್ನೂ ಹೊರತೆಗೆದು, ಮೇಜಿನ ಮೇಲೆ ಉರುಳಿಸಿ, ಎಲ್ಲರ ಕೈಗೂ ಕೊಟ್ಟು, ಮಾತಿನ ಭರದಲ್ಲಿ ಮತ್ತೆ ಕಾಲುಚೀಲಗಳಿಗೆ ತುರುಕಿದ. ಬೋಲ್ಟುಗಳಿಗೆ ಅಂಟಿದ ಬಿಸ್ಕತ್ತಿನ ಪುಡಿಯನ್ನು ನೋಡಿ ನೋಲಾಳ ಮೂಗು ಎಂದಿನಂತೆ ಪಕ್ಕಕ್ಕೆ ಸರಿಯಿತು.

ಸೋಮವಾರ ಮಕ್ಕಳನ್ನು ಶಾಲೆಗೆ ಬಿಟ್ಟು ಪೇಟೆಯ ಮಟಿಯುವಿನ ಕೋವಿ ಅಂಗಡಿಗೆ ಹೋದಳು. ಮಟಿಯು ಚಿಕ್ಕವನಿದ್ದಾಗ ಅವಳ ಬಸ್ಸಿನಲ್ಲೇ ವಾಂತಿ ಮಾಡಿಕೊಂಡವನು. ಆ ಸಲಿಗೆ ಇಬ್ಬರಿಗೂ ಇತ್ತು.

"ಬಾ ಆಂಟಿ. ಇದ್ ನೋಡು, ಹೊಸ್ದು. ಎಲೆ ಬಳ್ಳಿ ಚಿತ್ರ ಇರೋದು. ಕಾಡಲ್ಲಿ ಕಾಣೋದೇ ಇಲ್ಲ."

"ಕೈಜಾರಿ ಬಿದ್ರೆ ಹುಡುಕೋದು ಹೇಗೋ?"

ಇನ್ನೊಂದನ್ನು ಇಳಿಸಿದ. ಅದಕ್ಕೆ ಮೈತುಂಬ ತಿರುಪು, ಕೆನ್ನೆಗೆ ಹೊಂದಿಸಲೊಂದು, ಭುಜಕ್ಕೆ ಹೊಂದಿಸಲೊಂದು. ಎತ್ತಿದರೆ ಕುರಿಮರಿಯ ತೂಕ.

"ಇದನ್ನ ಹೊತ್ಕೊಂಡು ಬೆಟ್ಟ ಹತ್ತಿದ್ರೆ ಜಿಂಕೇನೇ ಬಂದು ನನ್ನ ಕೆಳಗಿಳಿಸ್ಬೇಕು. ಎತ್ತಿಡು."

ಮತ್ತೊಂದು ಗರಿಯಷ್ಟು ಹಗುರ. ಹಗುರವಾದ ಕೋವಿ ಒದೆಯುವುದು ಜೋರು, ಎರಡು ಗುಂಡಿಗೇ ತೆಳು ನಳಿಕೆ ಕಾದು ಮೂರನೆಯದು ಎಲ್ಲಿಗೋ ಹೋಗುತ್ತದೆ ಎಂದು ಮಟಿಯುವೇ ಒಪ್ಪಿಕೊಂಡ. ಇನ್ನೊಂದರ ತೋಟಾ ಕ್ಯಾರೆಟ್ಟಿನಷ್ಟಿತ್ತು. "ಇದ್ರಲ್ಲಿ ಹೊಡೆದ್ರೆ ತಿನ್ನೋಕೆ ಏನ್ ಉಳಿಯುತ್ತೆ, ಗೊರಸಾ?" ಎಂದಳು. ಕೊನೆಗೆ ಮೂಲೆಯಿಂದ ಒಂದು ಬಂತು. ದಪ್ಪವೂ ಅಲ್ಲದ ತೆಳುವೂ ಅಲ್ಲದ ನಳಿಕೆ, ಬಣ್ಣವಿಲ್ಲದ ಮರದ ಹಿಡಿ, ಎಲ್ಲ ಕಡೆ ಸಿಗುವ ತೋಟಾ. ನೋಲಾ ಕಣ್ಣುಮುಚ್ಚಿ ಭುಜಕ್ಕೇರಿಸಿ, ಕಣ್ಣು ಬಿಟ್ಟಳು. ಕೋವಿಯ ಮೇಲಿನ ದುರ್ಬೀನಿನೊಳಗೆ ಎದುರಿನ ಅಂಚೆ ಕಚೇರಿ ನೆಟ್ಟಗೆ ಕೂತಿತ್ತು. ಮೂಗು ಮೊದಲ ಸಲ ನಡುವಿಗೆ ಬಂತು.

"ಹೊಡೆದು ನೋಡ್ಬಹುದಾ?"

"ಅಂಚೆ ಕಚೇರೀಗಾ ಆಂಟಿ?"

"ಎತ್ತಿಟ್ಟಿರು. ಯೋಚ್ನೆ ಮಾಡ್ತೀನಿ."

ಹೊಡೆದು ನೋಡದ ಕೋವಿಯನ್ನು ನಂಬುವುದು ಹೇಗೆ ಎಂಬ ಈ ಯೋಚನೆಯ ಸಂದಿಯಲ್ಲೇ ಲೆಸ್ಟರ್ ನುಗ್ಗಿದ. ತನ್ನ ಬೆಟ್ಟದ ಕೋವಿಯನ್ನು ಅವಳಿಗೇ ಮಾರುತ್ತೇನೆ, ಭಾನುವಾರ ಜೊತೆಗೆ ಬಾ, ಬೆಟ್ಟದಲ್ಲೇ ಹೊಡೆದು ನೋಡು ಎಂದ. ಬೇಡವೆನ್ನಲು ನೋಲಾಳಿಗೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಅವೆಲ್ಲ ಲೆಸ್ಟರನ ಬಗ್ಗೆ ಇದ್ದವು, ಕೋವಿಯ ಬಗ್ಗೆ ಒಂದೂ ಇರಲಿಲ್ಲ. ಹೋದಳು.

ಏಪ್ರಿಲ್ ತಿಂಗಳು, ಆ ಸೀಮೆಯಲ್ಲಿ ಶರತ್ಕಾಲ, ಗಂಡು ಜಿಂಕೆಗಳು ಗಂಟಲು ಹರಿಯುವಂತೆ ಕೂಗುವ ಕಾಲ. ಲೆಸ್ಟರ್ ಅವಕ್ಕೇ ಪೈಪೋಟಿ ಕೊಡುವಂತೆ ದಾರಿಯುದ್ದಕ್ಕೂ ಮಾತಾಡಿದ. ಅವನು ಬಳಿದುಕೊಂಡ ಸುಗಂಧಕ್ಕೆ ಕಣಿವೆಯ ನುಸಿಗಳೂ ದೂರ ಉಳಿದವು, ಇನ್ನು ಜಿಂಕೆಗಳ ಮಾತು ಕೇಳಬೇಕೇ? ಹೇಗೋ ಗಾಳಿ ಎದುರಿಗೆ ತಿರುಗಿತು. ಕಾಡಿನ ಅಂಚಿಗೆ ಬಂದು ತೆವಳಿ ತಲೆಯೆತ್ತಿದರೆ ಹುಲ್ಲಿನ ಬಯಲಲ್ಲಿ ಒಂದು ಗಂಡು ಜಿಂಕೆ ಅಡ್ಡಲಾಗಿ ನಿಂತಿತ್ತು. ಒಂದು ಚಳಿಗಾಲಕ್ಕಾಗುವಷ್ಟು ಮಾಂಸ, ಕಲ್ಲೆಸೆತದ ಆಚೆಗೆ.

ಲೆಸ್ಟರ್ ಹಸಿರು ಕಾಲುಚೀಲದಿಂದ ಬೋಲ್ಟು ತೆಗೆದು ಅವಳ ಕೈಗಿಟ್ಟ. ನೋಲಾ ಅದನ್ನು ಹೊರಳಿಸಿದಳು. ಅದರ ಮೇಲೆ ಬಿಸ್ಕತ್ತಿನ ಪುಡಿಯಿತ್ತು, ಪುಡಿಯ ಕೆಳಗೆ ಸಂಖ್ಯೆಯಿತ್ತು. ಕೋವಿಯ ಮೈಮೇಲೂ ಸಂಖ್ಯೆಯಿತ್ತು. ಎರಡೂ ಬೇರೆ ಬೇರೆ.

"ಇದು ಈ ಕೋವೀದಲ್ಲ," ಎಂದು ಪಿಸುಗುಟ್ಟಿದಳು.

"ಹಸಿರು ಕಾಲುಚೀಲದಲ್ಲೇ ಇತ್ತಲ್ಲ!"

"ಕಾಲುಚೀಲ ಹಸಿರೇ. ಬೋಲ್ಟು ಇನ್ನೊಂದರದು."

"ಎರಡೂ ಒಂದೇ ಕಂಪನೀದಮ್ಮ, ಹೋಗುತ್ತೆ ಹಾಕು!"

"ನನ್ನ ಹಲ್ಲಿನ ಸೆಟ್ಟೂ ನಿನ್ನ ಬಾಯಿಗೆ ಹೋಗುತ್ತೆ ಲೆಸ್ಟರ್. ಕಡೀತೀಯಾ?"

ಒಂದರ ಬೋಲ್ಟು ಇನ್ನೊಂದಕ್ಕೆ ಹೋಗುತ್ತದೆ ನಿಜ. ಹೋದ ಮೇಲೆ ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ತೋಟಾ ಹಿಂದಕ್ಕೆ ಸಿಡಿದು ಹೊಡೆದವರ ಮುಖವನ್ನೇ ಒಯ್ಯಬಹುದು. ಮುಖ ಉಳಿದರೂ ಗುಂಡು ಎದೆಗೆ ಹೋಗುವುದೋ ಹೊಟ್ಟೆಗೆ ಹೋಗುವುದೋ ಯಾರು ಕಂಡವರು? ನೋಲಾಳ ಕಣ್ಣಮುಂದೆ ತೊರೆಯ ನೀರಲ್ಲಿ ಊದಿಕೊಂಡಿದ್ದ ಆ ಹೆಣ್ಣು ಜಿಂಕೆ ತೇಲಿತು.

"ಕೊಡಿಲ್ಲಿ, ನಾನೇ ಹೊಡೀತೀನಿ," ಎಂದು ಲೆಸ್ಟರ್ ಕೈಚಾಚಿದ. ನೋಲಾ ಬೋಲ್ಟನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು. ಲೆಸ್ಟರ್ ಎದ್ದು ಕೂತ. ಜಿಂಕೆ ಅವನನ್ನು ನೋಡಿತು, ಎದುರುಗಾಳಿಯನ್ನೂ ದಾಟಿ ಅವನ ಸುಗಂಧ ತಲುಪಿರಬೇಕು, ನೋಲಾಳ ಮುಖದಲ್ಲಿದ್ದ ಭಾವವನ್ನೇ ತನ್ನ ಮುಖದಲ್ಲಿ ತಂದುಕೊಂಡು ಕಾಡಿನೊಳಗೆ ನಡೆದುಹೋಯಿತು.

ಇಳಿಯುವಾಗ ಲೆಸ್ಟರನಿಗೆ ಕಾರಣ ಹೊಳೆಯಿತು. "ಡೊರೀನ್ ಬಟ್ಟೆ ಒಗೆಯೋವಾಗ ಅದಲುಬದಲು ಮಾಡಿರ್ತಾಳೆ."

"ನಿನ್ ಹೆಂಡ್ತಿ ಬೋಲ್ಟನ್ನೂ ಒಗೀತಾಳಾ?"

ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ, "ಕ್ಲಬ್ಬಲ್ಲಿ ಇದನ್ನೆಲ್ಲ ಹೇಳೋದು ಬೇಡ, ಅಲ್ವಾ?" ಎಂದ.

"ನಂಗೆ ಬೇರೆ ಕೆಲ್ಸ ಇದೆ," ಎಂದು ನೋಲಾ ಬೋಲ್ಟನ್ನು ಅವನ ಅಂಗೈಗೆ ಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು.

ಬೇರೆ ಕೆಲಸವೆಂದರೆ ಮಟಿಯುವಿನ ಅಂಗಡಿ. ಈ ಸಲ ಕೋವಿಯನ್ನು ಭುಜಕ್ಕೂ ಏರಿಸಲಿಲ್ಲ. ಬೋಲ್ಟು ಎಳೆದು ಅದರ ಸಂಖ್ಯೆ ಓದಿದಳು, ಕೋವಿಯ ಸಂಖ್ಯೆ ಓದಿದಳು, "ಕಟ್ಟಿಕೊಡು" ಎಂದಳು. ಮೈದಾನಕ್ಕೆ ಒಯ್ದು ಮೂರು ಗುಂಡು ಹೊಡೆದು, ನಳಿಕೆ ಆರಲು ಬಿಟ್ಟು, ಮತ್ತೆ ಮೂರು ಹೊಡೆದಳು. ಆರೂ ತೂತುಗಳ ಮೇಲೆ ಚಹಾದ ಬಟ್ಟಲು ಕವುಚಿದರೆ ಒಂದೂ ಹೊರಗೆ ಉಳಿಯಲಿಲ್ಲ. ಬಟ್ಟಲು ತೆಗೆದು ಚಹಾ ಹಾಕಿಕೊಂಡು ಕುಡಿದಳು. ಮುಂದಿನ ಭಾನುವಾರ ಒಬ್ಬಳೇ ಬೆಟ್ಟ ಹತ್ತಿದಳು. ಬಯಲಿನ ಅದೇ ಅಂಚಿನಲ್ಲಿ ಒಂದು ಹೆಣ್ಣು ಜಿಂಕೆ. ಒಂದೇ ಗುಂಡು. ನಿಂತಲ್ಲೇ ಕುಸಿಯಿತು, ಹುಲ್ಲು ಕೂಡ ಹೆಚ್ಚು ಅಲ್ಲಾಡಲಿಲ್ಲ. ಅದರ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದಳು. ಆಗ ಅವಳ ಮುಖದಲ್ಲಿ ಹೇಸಿಗೆಯಿರಲಿಲ್ಲ. ನೋಡಲು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಕ್ಲಬ್ಬಿನವರು ಇದನ್ನು ಈಗಲೂ ನಂಬುವುದಿಲ್ಲ.

ಅಷ್ಟರಲ್ಲಿ ಕ್ಲಬ್ಬಿನಲ್ಲಿ ಲೆಸ್ಟರನ ಕಥೆ ನಾಲ್ಕು ಸುತ್ತು ಬಂದಿತ್ತು. ಜಿಂಕೆ ಕಂಡೊಡನೆ ನೋಲಾಳ ಕೈ ನಡುಗಿತಂತೆ, ಕಣ್ಣಲ್ಲಿ ನೀರು ಬಂತಂತೆ, ಪಾಪ, ವಯಸ್ಸು. ಮೈದಾನದ ಉಸ್ತುವಾರಿಯನ್ನೂ ಯಾರಾದರೂ ಗಟ್ಟಿ ಕೈಯವರಿಗೆ ವಹಿಸಿ ಅವಳಿಗೆ ವಿಶ್ರಾಂತಿ ಕೊಡೋಣವೇ ಎಂದು ಅಧ್ಯಕ್ಷರು ಬಹಳ ಮರುಕದಿಂದ ಸೂಚಿಸಿದ್ದರು. ಈ ಮಾತು ನೋಲಾಳ ಕಿವಿಗೂ ಬಿತ್ತು. ಹಳಸಿದ ಹಾಲಿನ ಡಬ್ಬ ಮೂಸಿ ಪಕ್ಕಕ್ಕಿಟ್ಟಂತೆ ಅದನ್ನು ಪಕ್ಕಕ್ಕಿಟ್ಟಳು.

ಋತುವಿನ ಪಂದ್ಯ ಮುಗಿದ ಸಂಜೆ ಸಭಾಂಗಣದಲ್ಲಿ ಊಟ. ಚೀಸ್ ರೋಲ್, ಪಾವ್ಲೋವಾ ಎಂಬ ಕೆನೆಯ ಸಿಹಿ, ನಡುವೆ ದೊಡ್ಡ ಪಾತ್ರೆಯಲ್ಲಿ ನೋಲಾ ತಂದ ಜಿಂಕೆ ಮಾಂಸದ ಸಾರು. ಪಂದ್ಯದಲ್ಲಿ ಅವಳಿಗೆ ಮೂರನೆಯ ಸ್ಥಾನ ಬಂದಿತ್ತು, ಲೆಸ್ಟರನಿಗೆ ಏಳನೆಯದು. ಎರಡನೆಯ ಬಟ್ಟಲು ಸಾರು ಮುಗಿಸಿ, ಗಲ್ಲ ಒರೆಸಿಕೊಂಡು, ಲೆಸ್ಟರ್ ಅಧ್ಯಕ್ಷನ ಗತ್ತಿನಲ್ಲಿ ಎದ್ದುನಿಂತ.

"ನಮ್ಮ ನೋಲಾ ಕೊನೆಗೂ ಧೈರ್ಯ ಮಾಡಿ ಕೋವಿ ತಗೊಂಡಿದ್ದಾಳೆ. ಬೇಟೆಗೂ ಅದೇ, ಗುರಿಗೂ ಅದೇ! ಗಂಡಸರು ನಾವು ಒಂದು ಕೋವಿ ಆರಿಸ್ಬೇಕಾದ್ರೆ ಏನೇನೋ ಲೆಕ್ಕ ಹಾಕ್ತೀವಿ. ಹೇಳಮ್ಮ ನೋಲಾ, ನೀವು ಹೆಂಗಸರು ಕೋವೀಲಿ ಮೊದ್ಲು ನೋಡೋದೇನು? ಬಣ್ಣಾನಾ?"

ಸಭೆ ನಕ್ಕಿತು. ನೋಲಾ ಚಮಚ ಕೆಳಗಿಟ್ಟಳು. ಮೂಗು ಒಂದು ಪಕ್ಕಕ್ಕೆ ಹೋಯಿತು, ತುಟಿ ಇನ್ನೊಂದು ಪಕ್ಕಕ್ಕೆ.

"ಬೋಲ್ಟು ನೋಡ್ತೀವಿ ಲೆಸ್ಟರ್. ಅದೇ ಕೋವೀದಾ, ಇಲ್ಲಾ ಇನ್ನೊಂದು ಕಾಲುಚೀಲದ್ದಾ ಅಂತ."